ಹಿಮ್ಮಡಿಯ ಕ್ರೀಮು ಮತ್ತು ನನ್ನ ನಾದಿನಿ

ನಾವು ಕಂಪನಿ ಶುರು ಮಾಡುವಾಗ ನಾನೂ ನನ್ನ ನಾದಿನಿಯೂ ಮಾತಾಡುತ್ತಿರಲಿಲ್ಲ. ಮೊದಲ ಡಬ್ಬಿ ತುಂಬುವವರೆಗೂ ಮಾತಾಡಲಿಲ್ಲ. ಈಗ ಯಾರಾದರೂ ಮೈಕು ಹಿಡಿದು, "ಮೇಡಂ, ಇಂಥ ಬ್ಯೂಟಿ ಬ್ರ್ಯಾಂಡ್ ಕಟ್ಟೋಕೆ ನಿಮಗೆ ಸ್ಫೂರ್ತಿ ಏನು?" ಎಂದು ಕೇಳಿದರೆ ನಾನು ಪ್ರಕೃತಿ, ಹಿರಿಯರ ಜ್ಞಾನ, ಮಹಿಳಾ ಸಬಲೀಕರಣ ಎಂದು ಏನೋ ಒಂದು ಹೇಳಿ ಮುಗಿಸುತ್ತೇನೆ. ನಾದಿನಿಯನ್ನು ಕೇಳಿದರೆ ಅವಳು "ಕೆಲಸ ಇರಲಿಲ್ಲ" ಅನ್ನುತ್ತಾಳೆ. ಅವಳನ್ನು ಯಾವ ಕಾರ್ಯಕ್ರಮಕ್ಕೂ ಎರಡನೇ ಸಲ ಕರೆದದ್ದಿಲ್ಲ.

ಬ್ರ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಜಾಹೀರಾತು ಅನ್ನಿಸುತ್ತದೆ. ಪಾದಕ್ಕೆ, ಕೈಗೆ, ತುಟಿಗೆ ಹಚ್ಚುವ ಕ್ರೀಮು ನಮ್ಮದು ಎಂದಷ್ಟೇ ಹೇಳಿದರೆ ಸಾಕು. ಹಚ್ಚಿಕೊಂಡವರಿಗೆ ಗೊತ್ತಾಗುತ್ತದೆ.

ಮಾತು ನಿಂತದ್ದು ನನ್ನ ಮದುವೆಯ ದಿನ. ನಾನು ಅಂಕೋಲೆಯ ಹತ್ತಿರ ಬೊಬ್ರುವಾಡದವಳು. ಆಗಲೇ ಕಾರವಾರದಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪಾರ್ಲರ್ ಇಟ್ಟುಕೊಂಡಿದ್ದೆ. ಬ್ಯೂಟಿಶಿಯನ್ ಆದವಳು ತನ್ನ ಮದುವೆಯ ದಿನ ಬೇರೆಯವರ ಕೈಗೆ ಮುಖ ಕೊಡುವುದು ಮರ್ಯಾದೆಯಲ್ಲ ಎಂದು ನಾನೇ ಮೇಕಪ್ ಮಾಡಿಕೊಂಡಿದ್ದೆ. ಮೇ ತಿಂಗಳು. ಕಲ್ಯಾಣಮಂಟಪದ ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಬರುತ್ತಿರಲಿಲ್ಲ. ಗಂಡಿನ ಕಡೆಯವರು ಒಬ್ಬೊಬ್ಬರೇ ವೇದಿಕೆಗೆ ಬಂದು ನನ್ನನ್ನು ನೋಡಿ ಹೋಗುತ್ತಿದ್ದರು. ನನ್ನ ಗಂಡನಾಗುವವರ ತಂಗಿಯೂ ಬಂದಳು. ಹತ್ತಿರ ನಿಂತು, ಕನ್ನಡಕ ಸರಿ ಮಾಡಿಕೊಂಡು, ಔಷಧದ ಬಾಟಲಿಯ ಮೇಲಿನ ಅಕ್ಷರ ಓದುವವರ ಹಾಗೆ ನನ್ನನ್ನು ಓದಿದಳು. ಆಮೇಲೆ ತಿರುಗಿ ತನ್ನ ಅಣ್ಣನಿಗೆ, ಅಂದರೆ ಅವರ ಮನೆಯ ಮಾತಿನಲ್ಲಿ ದಾದಾನಿಗೆ, ಹೇಳಿದಳು:

"ದಾದಾ, ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ. ಒಬ್ಬಳನ್ನ ಮದುವೆ ಆಗ್ತಾ ಇದ್ದೀಯೋ, ಇಬ್ಬರನ್ನೋ?"

ಮೊದಲ ನಾಲ್ಕು ಸಾಲಿನ ಕುರ್ಚಿಗಳು ನಕ್ಕವು. ನನ್ನ ಗಂಡನೂ ನಕ್ಕರು. ಅವರನ್ನು ನಾನು ಕ್ಷಮಿಸಿದೆ, ಏಕೆಂದರೆ ಅವರ ಜೊತೆ ಒಂದೇ ಮನೆಯಲ್ಲಿ ಇರಬೇಕಾಗಿತ್ತು. ಅವಳನ್ನು ಕ್ಷಮಿಸುವ ತುರ್ತು ಇರಲಿಲ್ಲ. ನಾವು ಕಾರವಾರದಲ್ಲಿ, ಅವಳು ಮಾಜಾಳಿಯಲ್ಲಿ ತಾಯಿಯ ಜೊತೆ. ಚೌತಿಗೆ, ದೀಪಾವಳಿಗೆ ಹೋದಾಗ ಅವಳು ಬಡಿಸಿದ್ದನ್ನು ನಾನು ಉಣ್ಣುತ್ತಿದ್ದೆ, ನಾನು ತಂದ ಸೀರೆಯನ್ನು ಅವಳು ಉಡುತ್ತಿದ್ದಳು. ಮಾತು ಮಾತ್ರ ಇಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಯಾರಿಗೂ ತೊಂದರೆ ಇರಲಿಲ್ಲ.

ನಾದಿನಿ ಮದುವೆಯಾಗಿರಲಿಲ್ಲ. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮಾಡಿದ್ದಳು. ಮಾಜಾಳಿಯ ಎಷ್ಟೋ ಜನರ ಹಾಗೆ ಬೆಳಿಗ್ಗೆ ಬಸ್ಸು ಹತ್ತಿ, ಗಡಿ ದಾಟಿ, ಗೋವಾದಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಬೇರೆ ಬೇರೆ ಕಂಪನಿಗಳಿಗೆ ಕ್ರೀಮು, ಲೋಷನ್ ತಯಾರಿಸಿ ತುಂಬಿಕೊಡುವ ಒಂದು ಫ್ಯಾಕ್ಟರಿ. ಅಲ್ಲಿ ಹದ ಪರೀಕ್ಷೆ ಮಾಡುವುದು ಅವಳ ಕೆಲಸ. ದಿನವಿಡೀ ಬೂಟು ಹಾಕಿ ಒದ್ದೆ ನೆಲದ ಮೇಲೆ ನಿಂತು, ಬೇರೆಯವರ ಮುಖಕ್ಕೆ ಹೋಗುವ ಕ್ರೀಮು ಸರಿಯಾಗಿದೆಯೇ ಎಂದು ನೋಡುವುದು. ತನ್ನ ಮುಖಕ್ಕೆ ಅವಳು ಏನನ್ನೂ ಹಚ್ಚುತ್ತಿರಲಿಲ್ಲ.

ಇನ್ನು ಮುರುಗಲು ತುಪ್ಪದ ವಿಷಯ. ಮಾಜಾಳಿ ಮನೆಯ ಹಿಂದೆ ಮುರುಗಲು, ಅಂದರೆ ಕೋಕಂ, ಮರಗಳಿವೆ. ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ ಹೋಗುತ್ತದೆ. ಬೀಜವನ್ನು ಅತ್ತೆ ಒಣಗಿಸಿ, ಜಜ್ಜಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸುತ್ತಿದ್ದರು. ಮೇಲೆ ತೇಲಿದ ತುಪ್ಪವನ್ನು ತೆಗೆದು, ತಣಿಯುತ್ತಿದ್ದ ಹಾಗೆ ಕೈಯಲ್ಲಿ ಉಂಡೆ ಮಾಡಿ ಇಡುತ್ತಿದ್ದರು. ನೋಡಲು ಮೇಣದ ಕೋಳಿಮೊಟ್ಟೆಯ ಹಾಗೆ. ಕಾಲು ಒಡೆದರೆ, ತುಟಿ ಒಡೆದರೆ ಅದನ್ನೇ ದೀಪದ ಬಿಸಿಗೆ ಹಿಡಿದು ಹಚ್ಚುವುದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಒಂದು ಕಾಲಕ್ಕೆ ಇತ್ತು. ಆಮೇಲೆ ಅಂಗಡಿಯಲ್ಲಿ ಟ್ಯೂಬು ಸಿಗತೊಡಗಿತು, ಉಂಡೆ ಮಾಡುವವರು ಕಡಿಮೆಯಾದರು. ಅತ್ತೆ ಬಿಡಲಿಲ್ಲ. ಬೀಜ ಎಸೆಯುವುದು ಅವರ ಸ್ವಭಾವದಲ್ಲಿ ಇಲ್ಲ.

ಒಂದು ಚೌತಿಯಿಂದ ಬರುವಾಗ ಅತ್ತೆ ನನ್ನ ಚೀಲದಲ್ಲಿ ಒಂದಿಷ್ಟು ಉಂಡೆ ಹಾಕಿದರು. ಪಾರ್ಲರಿನಲ್ಲಿ ಪೆಡಿಕ್ಯೂರ್ ಮಾಡುವಾಗ ಹಚ್ಚೋಣ ಎಂದು ಇಟ್ಟುಕೊಂಡೆ. ನನ್ನ ಬಳಿ ಒಬ್ಬರು ಬ್ಯಾಂಕ್ ಆಫೀಸರ್ ಬರುತ್ತಿದ್ದರು, ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ಅವರ ಹಿಮ್ಮಡಿಗಳು ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿದ್ದವು. ನಾನು ಉಂಡೆ ಕರಗಿಸಿ ಹಚ್ಚಿ ಕಳಿಸಿದೆ. ಎರಡನೇ ಸಲ ಬಂದಾಗ ಅವರು ಕೇಳಿದರು:

"ಇದು ಯಾವ ಕಂಪನೀದು?"

"ನಮ್ಮದೇ" ಅಂದೆ. ನಾನು ಹೇಳಿದ್ದು ನಮ್ಮ ಮನೆಯದು ಎಂದು. ಅವರಿಗೆ ಕೇಳಿದ್ದು ನಮ್ಮ ಕಂಪನಿಯದು ಎಂದು.

"ನಿಮ್ಮದೇ ಪ್ರಾಡಕ್ಟ್ ಐತಂತ ಹೇಳಲೇ ಇಲ್ಲಲ್ಲ! ನನಗೊಂದು, ನಮ್ಮ ಅಕ್ಕಗೊಂದು ಡಬ್ಬಿ ಕೊಡ್ರಿ."

ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಖಾಲಿಯಾದ ಕ್ರೀಮಿನ ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದು, ಲೇಬಲ್ ಕೆರೆದು, ಉಂಡೆ ಕರಗಿಸಿ ಸುರಿದು ಕೊಟ್ಟೆ. ಮುಂದಿನ ವಾರ ಅವರು ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು, ನಿಧಾನವಾಗಿ ಹೇಳಿದರು: "ಕೆಲಸ ಭಾಳ ಛಲೋ ಮಾಡ್ತದ. ಆದ್ರ ರವೆ ರವೆ ಐತಿ. ಕಾಲಿಗೆ ಉಪ್ಪಿಟ್ಟು ಹಚ್ಚಿದಂಗ ಆಗ್ತದ."

ಅದರ ನಂತರ ನಾನು ಮನೆಯ ಗ್ಯಾಸಿನ ಮೇಲೆ ಪ್ರಯತ್ನ ಮಾಡಿದೆ. ಕೊಬ್ಬರಿ ಎಣ್ಣೆ ಸೇರಿಸಿದರೆ ನೀರಾಯಿತು. ಸೇರಿಸದಿದ್ದರೆ ಚಾಕುವಿನಿಂದ ಕೊರೆಯಬೇಕಾಯಿತು. ಒಂದು ಸಲ ಮೇಲೆ ಎಣ್ಣೆ, ಕೆಳಗೆ ರವೆ, ನಡುವೆ ಏನೆಂದು ಹೇಳಲಾಗದ ಒಂದು ಪದರ ಬಂತು. ನನ್ನ ಗಂಡ ಕಾಂಟ್ರಾಕ್ಟಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವವರು. ಯಾವುದಕ್ಕೂ ಹೆಚ್ಚು ಮಾತಾಡುವವರಲ್ಲ. ಚಹಾ ಕಾಸಲು ಪಾತ್ರೆ ಸಿಗದಿದ್ದಾಗ ಮಾತಾಡಿದರು.

"ಗೊತ್ತಿದ್ದವರನ್ನ ಕೇಳಬಹುದು."

"ಯಾರನ್ನ?"

"ಯಾರನ್ನ ಅಂತ ನಿನಗೆ ಗೊತ್ತಿಲ್ವಾ?" ಅಂದರು. ಆಮೇಲೆ ಹೊಸ ಸುದ್ದಿ ಹೇಳಿದರು: ನಾದಿನಿಯ ಫ್ಯಾಕ್ಟರಿ ಬೇರೆ ರಾಜ್ಯಕ್ಕೆ ಹೋಗಿದೆ. ಕರೆದರೂ ಇವಳು ಹೋಗಲಿಲ್ಲ. ಮನೆಯಲ್ಲೇ ಇದ್ದಾಳೆ. ಅಮ್ಮನಿಗೆ ಅಡುಗೆಮನೆಯಲ್ಲಿ ತಾಪತ್ರಯ ಕೊಡುತ್ತಿದ್ದಾಳೆ, ಸಾರಿಗೆ ಉಪ್ಪು ಅಳತೆ ಮಾಡಿ ಹಾಕು ಅನ್ನುತ್ತಾಳೆ.

ಮುಂದಿನ ರವಿವಾರ ಮಾಜಾಳಿಗೆ ಹೋದೆವು. ಅತ್ತೆ ಒಲೆಯ ಮುಂದೆ ಕೂತಿದ್ದರು. ನಾದಿನಿ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ನನ್ನ ರವೆ ಡಬ್ಬಿಯನ್ನು ಅತ್ತೆಯ ಮುಂದೆ ಇಟ್ಟೆ. ಅವರ ಮನೆಯ ಮಾತು ಕೊಂಕಣಿ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅತ್ತೆ, ಇದು ಎಂತಕ್ಕೆ ಹೀಗಾಗ್ತದೆ ಅಂತ ಕೇಳಿ."

ಅತ್ತೆ ಮಗಳ ಕಡೆ ತಿರುಗಿದರು. "ಎಂತಕ್ಕೆ ಹೀಗಾಗ್ತದೆ ಅಂತೆ."

"ತಣ್ಣಗಾಗೂವಾಗ ತಿರುಗಿಸೂದು ಬಿಟ್ಟರೆ ಹಾಗೇ ಆಗೂದು ಅಂತ ಹೇಳು."

"ತಿರುಗಿಸಬೇಕಂತೆ."

"ಎಷ್ಟು ಹೊತ್ತು ಅಂತ ಕೇಳಿ ಅತ್ತೆ."

"ಗಟ್ಟಿಯಾಗೂವರೆಗೆ ಅಂತ ಹೇಳು. ತಣ್ಣೀರಲ್ಲಿ ಪಾತ್ರೆ ಇಟ್ಟು ತಿರುಗಿಸಬೇಕು. ಜೇನುಮೇಣ ಹಾಕಿದ್ದಾಳಾ ಅಂತ ಕೇಳು."

ಅತ್ತೆ ನನ್ನನ್ನೂ ಅವಳನ್ನೂ ನೋಡಿದರು. "ನಾನೇನು ಟಪಾಲಿನವಳಾ?" ಅಂದು ಎದ್ದರು. "ಕೋಳಿಗೆ ಕಾಳು ಹಾಕೂಕೆ ಹೋಗ್ತೇನೆ. ನೀವು ಎಂತಾದ್ರೂ ಮಾಡ್ಕೊಳ್ಳಿ." ನನ್ನ ಗಂಡನೂ ಅವರ ಹಿಂದೆ ಹೋದರು. ಆ ಮನೆಯಲ್ಲಿ ಇದ್ದ ಕೋಳಿಗಳಿಗೆ ಇಬ್ಬರು ಕಾಳು ಹಾಕುವ ಅಗತ್ಯ ಇರಲಿಲ್ಲ.

ನಾದಿನಿ ಒಳಗೆ ಹೋಗಿ ಥರ್ಮಾಮೀಟರ್ ತಂದಳು, ಉದ್ದದ ಗಾಜಿನದು. ನನ್ನ ಡಬ್ಬಿಯನ್ನು ಪಾತ್ರೆಗೆ ಬಗ್ಗಿಸಿ ಬಿಸಿನೀರಿನ ಮೇಲೆ ಇಟ್ಟಳು. ಎಲ್ಲೋ ಒಳಗಿನಿಂದ ಜೇನುಮೇಣದ ತುಂಡು ಬಂತು. ನಾನು ಪಕ್ಕದಲ್ಲಿ ಕೂತು ತಣ್ಣೀರಿನ ತಪ್ಪಲೆ ಹಿಡಿದೆ. ಅವಳು ತಿರುಗಿಸಿದಳು. ಕೈ ಸೋತಾಗ ಚಮಚವನ್ನು ನನ್ನ ಕಡೆ ಚಾಚಿದಳು, ನಾನು ತಿರುಗಿಸಿದೆ. ಕ್ರೀಮು ನಮ್ಮ ಕಣ್ಣೆದುರೇ ಮಂದವಾಗಿ, ಬೆಳ್ಳಗೆ, ಬೆಣ್ಣೆಯ ಹಾಗೆ ಆಯಿತು. ಡಬ್ಬಿಗೆ ತುಂಬಿ ಆದ ಮೇಲೆ ಅವಳು ನನ್ನ ಕಡೆ ಕೈ ನೀಡಿದಳು.

"ಮುಚ್ಚಳ" ಅಂದಳು.

ಮದುವೆಯಾದ ಮೇಲೆ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಕೊಟ್ಟೆ.

ಹಚ್ಚಿ ನೋಡಬೇಕಿತ್ತು. ಅತ್ತೆಯ ಕಾಲು ಪರೀಕ್ಷೆಗೆ ಪ್ರಯೋಜನವಿಲ್ಲ, ಅವರ ಹಿಮ್ಮಡಿ ಕಲ್ಲಿನ ಹಾಗೆ ನುಣುಪು. ನನ್ನ ಕಾಲು ಪಾರ್ಲರಿನವಳ ಕಾಲು. ನಾದಿನಿ ಅಂಗಳದ ಕಟ್ಟೆಯ ಮೇಲೆ ಕೂತು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಾಲು ಮುಂದೆ ಚಾಚಿದಳು. ನಾನು ಅದುವರೆಗೆ ಅವಳ ಕಾಲನ್ನು ನೋಡಿರಲಿಲ್ಲ. ವರ್ಷಗಟ್ಟಲೆ ರಬ್ಬರ್ ಬೂಟಿನಲ್ಲಿ ಬೆಂದ ಕಾಲು. ಹಿಮ್ಮಡಿಯಲ್ಲಿ ಬೆರಳು ಇಡುವಷ್ಟು ಬಿರುಕು, ಒಂದೆರಡು ಕಡೆ ರಕ್ತ ಒಣಗಿದ ಗುರುತು. ಇದರ ಮೇಲೆ ನಿಂತು ಅವಳು ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದಳು, ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ, ಅಮ್ಮನ ಉಂಡೆಯನ್ನೂ ಮುಟ್ಟಿರಲಿಲ್ಲ.

ನಾನು ಬಿಸಿನೀರು ತಂದೆ. ಉಪ್ಪು ಹಾಕಿದೆ. ಅವಳ ಕಾಲನ್ನು ನೆನೆಸಿ, ಮಡಿಲಲ್ಲಿ ಟವೆಲು ಹಾಸಿ ಇಟ್ಟುಕೊಂಡು, ಕಲ್ಲಿನಿಂದ ಮೆಲ್ಲಗೆ ಉಜ್ಜಿದೆ. ಕೆಲಸದಲ್ಲಿ ನಾನು ಎಷ್ಟೋ ಜನರ ಕಾಲು ಹಿಡಿದಿದ್ದೇನೆ, ಅವರೆಲ್ಲ ಮೊಬೈಲ್ ನೋಡುತ್ತಾ ಕೂರುತ್ತಾರೆ. ಇವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಒಂದು ಕಡೆ ನೋವಾಗಿರಬೇಕು, ಬೆರಳುಗಳು ಮಡಚಿಕೊಂಡವು.

"ನೋವಾಯ್ತಾ?" ಎಂದೆ.

"ಇಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಇನ್ನೊಂದು ಕಾಲನ್ನು ಮಡಿಲಿಗೆ ತೆಗೆದುಕೊಂಡೆ.

ಕ್ರೀಮು ಹಚ್ಚಿ, ಹಳೆಯ ಕಾಲುಚೀಲ ತೊಡಿಸಿ ಬಂದೆ. ನಾಲ್ಕೈದು ದಿನ ಬಿಟ್ಟು ಗಂಡನ ಮೊಬೈಲಿಗೆ ಒಂದು ಫೋಟೋ ಬಂತು. ಎರಡು ಹಿಮ್ಮಡಿ, ಪಕ್ಕದಲ್ಲಿ ಒಂದು ಸ್ಕೇಲು. ಕೆಳಗೆ "ಅವಳಿಗೆ ತೋರಿಸು" ಎಂದಿತ್ತು. ಬಿರುಕು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಅವಳು ನನ್ನ ನಂಬರಿಗೇ ಕಳಿಸತೊಡಗಿದಳು, ಸ್ಕೇಲಿನ ಸಮೇತ.

ಕಂಪನಿ ಮಾಡುವುದು ಎಂದು ಯಾರೂ ಕೂತು ತೀರ್ಮಾನಿಸಲಿಲ್ಲ. ಬ್ಯಾಂಕಿನವರು ಆಫೀಸಿನಲ್ಲಿ ಹೇಳಿದರು, ಅಲ್ಲಿಂದ ಶಾಲೆಯ ಟೀಚರುಗಳು ಬಂದರು, ಆಸ್ಪತ್ರೆಯ ನರ್ಸುಗಳು ಬಂದರು. ದಿನವಿಡೀ ನಿಂತು ದುಡಿಯುವವರಿಗೆಲ್ಲ ಹಿಮ್ಮಡಿ ಇದೆ ಎಂಬುದು ನನಗೆ ಆಗ ಹೊಳೆಯಿತು. ಲೈಸೆನ್ಸ್ ಇಲ್ಲದೆ ಹೀಗೆ ಮಾರುವುದು ತಪ್ಪು ಎಂದು ನಾದಿನಿ ಪಟ್ಟು ಹಿಡಿದಳು. ಕಾರವಾರದ ಪಕ್ಕದ ಶಿರವಾಡದಲ್ಲಿ ಎರಡು ಕೋಣೆಯ ಒಂದು ಮನೆ ಬಾಡಿಗೆಗೆ ಹಿಡಿದೆವು. ಗೋಡೆಗೆ ಬಿಳಿ ಬಣ್ಣ, ನೆಲಕ್ಕೆ ಟೈಲ್ಸ್, ಕಿಟಕಿಗೆ ಜಾಳಿಗೆ. ವೈರಿಂಗ್ ನನ್ನ ಗಂಡ ಮಾಡಿದರು. ಪರಿಶೀಲನೆಗೆ ಬಂದ ಅಧಿಕಾರಿ ತಾಂತ್ರಿಕ ಜವಾಬ್ದಾರಿ ಯಾರದು ಎಂದು ಕೇಳಿದರು. ನಾದಿನಿ ಮುಂದೆ ಬಂದಳು. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಕೇಳದೆ ಬಿಟ್ಟದ್ದನ್ನೂ ನೆನಪು ಮಾಡಿ ಕೊಟ್ಟಳು. ನಾನು ಚಹಾ ಕೊಟ್ಟೆ. ಲೈಸೆನ್ಸ್ ಬಂತು.

ಮೊದಲ ಜಗಳ ವಾಸನೆಗಾಗಿ. ಮುರುಗಲು ತುಪ್ಪಕ್ಕೆ ಅದರದ್ದೇ ಒಂದು ಹೊಗೆಹುಳಿ ವಾಸನೆ ಇರುತ್ತದೆ. ಬ್ಯೂಟಿ ಅಂದ ಮೇಲೆ ಗುಲಾಬಿ ಇರಲೇಬೇಕು ಎಂದು ನನ್ನ ವಾದ. ಒಡೆದ ಚರ್ಮಕ್ಕೆ ಸುಗಂಧ ಹಾಕಿದರೆ ಉರಿಯುತ್ತದೆ ಎಂದು ಅವಳ ವಾದ. ಈಗ ನಾವು ಮಾತಾಡುತ್ತಿದ್ದೆವು, ಅದಕ್ಕೆ ಜಗಳ ಸುಲಭವಾಯಿತು. ಕೊನೆಗೆ ಎರಡು ಬಗೆ ಮಾಡಿದೆವು. ಗುಲಾಬಿಯದ್ದನ್ನು ಚಂದ ಎಂದು ಎಲ್ಲರೂ ಮೂಸಿ ನೋಡಿದರು, ಗುಲಾಬಿ ಇಲ್ಲದ್ದನ್ನು ಕೊಂಡುಹೋದರು. ಮೀನು ಪೇಟೆಯ ಒಬ್ಬಳು ಅಕ್ಕ ಸೀದಾ ಹೇಳಿಬಿಟ್ಟಳು: "ನನ್ನ ಕೈಗೆ ಮೀನಿನ ವಾಸನೆ ಅದೆ. ಅದರ ಮೇಲೆ ಗುಲಾಬಿ ಹಚ್ಚಿದರೆ ಯಾರು ತಡೀತಾರೆ?" ನಾನು ಗುಲಾಬಿ ನಿಲ್ಲಿಸಿದೆ. ನಾದಿನಿ ಗೆದ್ದೆ ಎನ್ನಲಿಲ್ಲ. ಉಳಿದ ಗುಲಾಬಿ ಎಸೆನ್ಸನ್ನು ತಿಂಗಳುಗಟ್ಟಲೆ ನೆಲ ಒರೆಸುವ ನೀರಿಗೆ ಹಾಕಿದಳು, ಅಷ್ಟೇ.

ಮಾರಾಟ ಹೆಚ್ಚಿಸಿದ್ದು ಮಾಜಾಳಿಯ ಬಸ್ಸು. ನಾದಿನಿಯ ಜೊತೆ ವರ್ಷಗಟ್ಟಲೆ ಗೋವಾಕ್ಕೆ ಹೋಗಿ ಬಂದ ಹೆಂಗಸರು ಅಲ್ಲಿನ ಹೋಟೆಲುಗಳಲ್ಲಿ ಕೋಣೆ ಶುಚಿ ಮಾಡುತ್ತಾರೆ, ಅಂಗಡಿಗಳಲ್ಲಿ ನಿಲ್ಲುತ್ತಾರೆ, ಮಸಾಜ್ ಮಾಡುತ್ತಾರೆ. ಅವರು ತಮಗಾಗಿ ಒಂದೊಂದು ಡಬ್ಬಿ ಚೀಲದಲ್ಲಿ ಇಟ್ಟುಕೊಂಡು ಹೋದರು. ಜೊತೆಯಲ್ಲಿ ಕೆಲಸ ಮಾಡುವವರು ಕೇಳಿದರು, ಆಮೇಲೆ ಹೋಟೆಲಿಗೆ ಬಂದವರು ಕೇಳಿದರು. ಒಂದು ಹೋಟೆಲಿನ ಮಸಾಜ್ ವಿಭಾಗದಿಂದ ಫೋನು ಬಂತು, ದೊಡ್ಡ ಡಬ್ಬಿಯಲ್ಲಿ ಸಿಗುತ್ತದೆಯೇ ಎಂದು. ಸಿಗುತ್ತದೆ ಎಂದು ಹೇಳಿ, ಫೋನು ಇಟ್ಟು, ದೊಡ್ಡ ಡಬ್ಬಿ ಹುಡುಕಲು ಹೋದೆವು.

ಆ ಹೋಟೆಲಿನಲ್ಲಿ ಉಳಿದುಕೊಂಡಿದ್ದ ಒಬ್ಬ ಹುಡುಗಿ ತನ್ನ ಕಾಲಿನ ವಿಡಿಯೋ ಮಾಡಿ ಹಾಕಿದಳು. ನಮಗೆ ಗೊತ್ತೇ ಇರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಡಬ್ಬಿಯ ಮೇಲಿನ ಫೋನ್ ನಂಬರಿಗೆ ಪುಣೆ, ಬೆಂಗಳೂರು, ಇಂದೋರ್ ಎಂದು ಆರ್ಡರುಗಳು. ಏಪ್ರಿಲ್ ತಿಂಗಳು. ನಾವು ಖುಷಿಯಲ್ಲಿ ರಾಶಿ ರಾಶಿ ಡಬ್ಬಿ ಕೊರಿಯರಿಗೆ ಕೊಟ್ಟೆವು. ವಾರದೊಳಗೆ ಮತ್ತೆ ಫೋಟೋಗಳು ಬರತೊಡಗಿದವು, ಈ ಸಲ ಹಿಮ್ಮಡಿಯದ್ದಲ್ಲ. ಎಣ್ಣೆ ಕುಡಿದ ರಟ್ಟು, ಎಣ್ಣೆ ಕುಡಿದ ಚೀಟಿ, ಒಂದು ಕಡೆ ಎಣ್ಣೆ ಕುಡಿದ ಮದುವೆಯ ಸೀರೆ. ದಾರಿಯ ಬಿಸಿಲಿಗೆ ಕ್ರೀಮು ಕರಗಿ ಹರಿದಿತ್ತು. "ನಾನು ಹಿಮ್ಮಡಿ ಕ್ರೀಮು ಕೇಳಿದ್ದೆ, ಒಗ್ಗರಣೆಗೆ ಎಣ್ಣೆ ಕಳಿಸಿದ್ದೀರಿ" ಎಂದು ಬೆಂಗಳೂರಿನ ಒಬ್ಬರು ಬರೆದರು.

ನಾನು ಆ ದಿನ ಪಾರ್ಲರ್ ಬಾಗಿಲು ಹಾಕಿ ಮನೆಯಲ್ಲಿ ಮಲಗಿದೆ. ಇನ್ನು ಮುಗಿಯಿತು, ಐಬ್ರೋ ಮಾಡಿಕೊಂಡು ಇರುವುದೇ ಸರಿ ಅಂದುಕೊಂಡೆ. ಮಧ್ಯಾಹ್ನ ನಾದಿನಿ ಬಂದಳು. ನಮ್ಮ ಮನೆಗೆ ಒಬ್ಬಳೇ ಬಂದದ್ದು ಅದೇ ಮೊದಲು. ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ವೈನಿ, ಏಳು. ಬಸ್ಸಿಗೆ ಹೋಗೂದದೆ."

ವೈನಿ ಅಂದರೆ ಅತ್ತಿಗೆ. ಅದುವರೆಗೆ ಅವಳು ನನ್ನನ್ನು ಹಾಗೆ ಕರೆದಿರಲಿಲ್ಲ. ಯಾವ ರೀತಿಯಲ್ಲೂ ಕರೆದಿರಲಿಲ್ಲ. ನಾನು ಎದ್ದೆ. ಎಲ್ಲಿಗೆ ಎಂದು ಬಸ್‌ಸ್ಟ್ಯಾಂಡು ಮುಟ್ಟಿದ ಮೇಲೆ ಕೇಳಿದೆ.

ಮೇಣದ ಪ್ರಮಾಣ ಬದಲಿಸಿ ಅವಳು ಕೆಲವು ಡಬ್ಬಿ ಮಾಡಿದ್ದಳು. ಅವನ್ನು ಬಿಸಿಯಲ್ಲಿ ಇಟ್ಟು, ಅಲ್ಲಾಡಿಸಿ, ಎಷ್ಟು ಹೊತ್ತು ತಡೆಯುತ್ತವೆ ಎಂದು ನೋಡಬೇಕು. ಅದಕ್ಕೆ ಯಂತ್ರವಿದೆಯಂತೆ, ನಮ್ಮಲ್ಲಿಲ್ಲ. ಕಾರವಾರ–ಅಂಕೋಲಾ ಲೋಕಲ್ ಬಸ್ಸು ಇತ್ತು. ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟು, ನಡುವೆ ಥರ್ಮಾಮೀಟರ್ ನಿಲ್ಲಿಸಿ, ನಾವಿಬ್ಬರೂ ಅದರ ಹಿಂದಿನ ಸೀಟಿನಲ್ಲೇ ಕೂತೆವು. ಕಂಡಕ್ಟರ್ ಬಂದು ನೋಡಿದ.

"ಎಂತ ಅಕ್ಕ ಅದು?"

"ಕ್ರೀಮು."

"ಮಾರೂಕಾ?"

"ಕರಗ್ತದಾ ಅಂತ ನೋಡೂಕೆ."

"ಕರಗಿದ್ರೆ?"

"ನಾಳೆ ಮತ್ತೆ ಬರ್ತೇವೆ."

ಕಂಡಕ್ಟರ್ ಸ್ವಲ್ಪ ಯೋಚಿಸಿ ಟಿಕೆಟ್ ಹರಿದುಕೊಟ್ಟ. ಡಬ್ಬಿಗಳಿಗೆ ಲಗೇಜ್ ಹಾಕಲಿಲ್ಲ.

ಹೀಗೆ ಆ ಬೇಸಿಗೆಯ ಮಧ್ಯಾಹ್ನಗಳು ಹೋದವು. ಅಂಕೋಲೆಗೆ ಹೋಗುವುದು, ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಕುಡಿಯುವುದು, ಬರುವುದು. ಡಬ್ಬಿ ತೆರೆದು ನೋಡುವುದು, ಸೋತಿದ್ದರೆ ಮತ್ತೆ ಮೇಣ ಬದಲಿಸುವುದು. ಡ್ರೈವರಿಗೂ ಆಸಕ್ತಿ ಹುಟ್ಟಿತು. "ಇವತ್ತು ಅವರ್ಸಾ ದಾಟೂವರೆಗೂ ಗಟ್ಟಿ ಇತ್ತು" ಎಂದು ಅವರೇ ವರದಿ ಕೊಡುತ್ತಿದ್ದರು. ಪಕ್ಕದಲ್ಲಿ ಕೂತ ಪ್ರಯಾಣಿಕರು ಕೈಗೆ ಹಚ್ಚಿ ನೋಡಿ ಅಭಿಪ್ರಾಯ ಹೇಳುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ಹೊರಗೆ ಸಮುದ್ರ ಕಾಣುತ್ತಿತ್ತು. ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ನಾದಿನಿ ಥರ್ಮಾಮೀಟರಿನ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು:

"ನಿನ್ನ ಮದುವೆ ದಿನ ನಾನು ಹೇಳಿದ್ದು."

ನಾನು ಕಾದೆ. ಇಷ್ಟು ವರ್ಷ ಕಾದದ್ದು ಇದಕ್ಕೇ ಅಂದುಕೊಂಡೆ.

"ಹೇಳಿದ್ದು ಸರಿಯಾಗೇ ಇತ್ತು" ಅಂದಳು. "ಆದ್ರೆ ಮೆಲ್ಲಗೆ ಹೇಳಬಹುದಿತ್ತು."

ನಾನು ಕಿಟಕಿಯ ಕಡೆ ತಿರುಗಿದೆ. ಸಿಟ್ಟು ಬರಬೇಕಿತ್ತು. ಬಂದದ್ದು ನಗು. ತಡೆಯಲು ನೋಡಿದೆ, ಆಗಲಿಲ್ಲ. ಅವಳೂ ನಕ್ಕಳು. ಅವಳ ನಗು ಹೇಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂಗಿನಿಂದ ಬರುತ್ತದೆ, ಕುಕ್ಕರಿನ ಹಾಗೆ. ಡ್ರೈವರ್ ಹಿಂದೆ ತಿರುಗಿ, "ಕರಗ್ತಾ?" ಎಂದು ಕೇಳಿದರು.

"ಇಲ್ಲ, ನಿಂತದೆ" ಅಂದಳು ನಾದಿನಿ. ನಿಜವಾಗಿಯೂ ಆ ದಿನದ ಡಬ್ಬಿಗಳು ಅಂಕೋಲೆಗೆ ಹೋಗಿ ಬಂದರೂ ಕರಗಿರಲಿಲ್ಲ. ಈಗಲೂ ಅದೇ ಪ್ರಮಾಣ ನಡೆಯುತ್ತಿದೆ. ಎಣ್ಣೆ ಹರಿದವರಿಗೆಲ್ಲ ಹೊಸ ಡಬ್ಬಿ ಕಳಿಸಿದೆವು. ಒಗ್ಗರಣೆಗೆ ಎಣ್ಣೆ ಎಂದು ಬರೆದವರು ಈಗ ಮನೆಯವರಿಗೆಲ್ಲ ತರಿಸುತ್ತಾರೆ.

ಮಾರಾಟ ಬೆಳೆದ ಮೇಲೆ ವೆಬ್‌ಸೈಟು ಬೇಕಾಯಿತು. ಅದನ್ನು ಮಾಡಿಕೊಡುವವರು ಹುಬ್ಬಳ್ಳಿಯಿಂದ ಫೋನಿನಲ್ಲಿ ಹೇಳಿದರು, ಅಜ್ಜಿಯೊಬ್ಬರು ಒಲೆಯ ಮುಂದೆ ಕೂತು ತುಪ್ಪ ಮಾಡುವ ಫೋಟೋ ಹಾಕಿ, ಹಳೇ ಸೀರೆ ಇರಲಿ, ಕೂದಲು ಸ್ವಲ್ಪ ಕೆದರಿರಲಿ, ಜನರಿಗೆ ನಂಬಿಕೆ ಬರುತ್ತದೆ ಎಂದು. ಕಾರವಾರದ ಮದುವೆ ಫೋಟೋಗ್ರಾಫರನ್ನು ಕರೆದುಕೊಂಡು ಮಾಜಾಳಿಗೆ ಹೋದೆವು. ಅತ್ತೆ ಕಾಯುತ್ತಿದ್ದರು. ಮಗನ ಮದುವೆಯ ರೇಷ್ಮೆ ಸೀರೆ, ಮುಡಿಗೆ ಅಬ್ಬಲಿಗೆ ಹೂವು, ಮುಖಕ್ಕೆ ಪೌಡರು, ಕೈಯಲ್ಲಿ ಇದ್ದಬದ್ದ ಬಳೆ.

ಫೋಟೋಗ್ರಾಫರ್ ತಲೆ ಕೆರೆದುಕೊಂಡು, "ಅಮ್ಮ, ಮನೇಲಿ ಉಡೂ ಸೀರೆ ಉಟ್ಟರೆ ಚಂದ ಬರ್ತದೆ" ಎಂದರು.

"ಎಂತಕ್ಕೆ? ನನಗೆ ಒಳ್ಳೇ ಸೀರೆ ಇಲ್ವಾ?"

"ಹಾಗಲ್ಲ, ನೈಜವಾಗಿ ಕಾಣಬೇಕು."

"ಇದು ನೈಜವಾದ ರೇಷ್ಮೆ" ಅಂದರು ಅತ್ತೆ. "ಊರೆಲ್ಲ ನೋಡೂ ಫೋಟೋಕ್ಕೆ ನಾನು ಹರಕು ಉಟ್ಟು ಕೂತರೆ, ಸೊಸೆ ಅನ್ನ ಹಾಕೂದಿಲ್ಲ ಅಂತಾರೆ."

ಒಲೆಯ ಮುಂದೆಯೂ ಕೂರಲಿಲ್ಲ, ಸೀರೆಗೆ ಮಸಿ ಹತ್ತುತ್ತದೆ ಎಂದು. ಹೊರಗಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಅದೇ ಫೋಟೋ ಇವತ್ತಿಗೂ ಇದೆ. ನೋಡಿದವರೆಲ್ಲ ಅವರೇ ಕಂಪನಿಯ ಮಾಲಕಿ ಎಂದುಕೊಳ್ಳುತ್ತಾರೆ. ಅತ್ತೆಯೂ ಹಾಗೇ ಅಂದುಕೊಂಡಿದ್ದಾರೆ, ನಾವು ತಿದ್ದಲು ಹೋಗಿಲ್ಲ.

ಈಗ ಶಿರವಾಡದ ಮನೆ ಸಾಲುವುದಿಲ್ಲ. ಹೋದ ವರ್ಷ ಬೊಬ್ರುವಾಡದಲ್ಲಿ ಒಂದು ಶೆಡ್ಡು ಕಟ್ಟಿಸಿದೆವು. ಸುತ್ತಮುತ್ತಲ ಹೆಂಗಸರು ಬೀಜ ಆರಿಸಿ, ಒಣಗಿಸಿ ತಂದುಕೊಡುತ್ತಾರೆ. ಕೆಲವರು ಅಲ್ಲೇ ಕೆಲಸಕ್ಕೂ ಬರುತ್ತಾರೆ. ಪಾರ್ಲರನ್ನು ನಾನು ಬಿಟ್ಟಿಲ್ಲ, ವಾರದಲ್ಲಿ ಎರಡು ದಿನ ತೆರೆಯುತ್ತೇನೆ. ಕ್ರೀಮು ಒಂದೇ ಗೊತ್ತಿದ್ದವಳು ಜನರ ಮುಖ ಮರೆತುಬಿಡುತ್ತಾಳೆ ಎಂದು ನನಗೆ ಭಯ. ಮುಂಬೈಯ ಒಂದು ದೊಡ್ಡ ಕಂಪನಿಯವರು ನಮ್ಮದನ್ನು ಕೊಳ್ಳುತ್ತೇವೆ ಎಂದು ವಿಡಿಯೋ ಕಾಲ್ ಮಾಡಿದ್ದರು. ಅವರು ತುಂಬ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ನಾದಿನಿ ಎಲ್ಲ ಕೇಳಿ, ಕ್ರೀಮಿನ ಹದ ಯಾರು ನೋಡುವುದು ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಅದಕ್ಕೆ ನಮ್ಮ ಟೀಮ್ ಇದೆ ಎಂದರು. "ಹಾಗಾದ್ರೆ ನಮಗೆ ಎಂತ ಕೆಲಸ?" ಎಂದಳು. ಅವರಿಗೆ ಅರ್ಥವಾಗಲಿಲ್ಲ, ಕನ್ನಡದಲ್ಲಿ ಕೇಳಿದ್ದಳು. ನಾನು ಅನುವಾದ ಮಾಡದೆ ನಮಸ್ಕಾರ ಹೇಳಿ ಮುಗಿಸಿದೆ.

ಈ ಮಳೆಗಾಲದ ಮೊದಲು ಒಂದು ಸಣ್ಣ ವ್ಯಾನು ತೆಗೆದುಕೊಂಡೆವು. ನಾದಿನಿ ಡ್ರೈವಿಂಗ್ ಕಲಿತಳು, ಲೈಸೆನ್ಸೂ ಸಿಕ್ಕಿತು. ಶಿರವಾಡದ ಡಬ್ಬಿಗಳನ್ನು ಶೆಡ್ಡಿಗೆ ಸಾಗಿಸಲು ಮೊದಲ ಲೋಡು ಹಾಕಿಕೊಂಡು ನಾವಿಬ್ಬರೇ ಕಾರವಾರದಿಂದ ಬೊಬ್ರುವಾಡಕ್ಕೆ ಹೊರಟೆವು. ಬಿಣಗಾ ದಾಟುವವರೆಗೆ ಚೆನ್ನಾಗಿತ್ತು. ಆಮೇಲಿನ ಏರಿನಲ್ಲಿ ವ್ಯಾನು ನಿಂತುಬಿಟ್ಟಿತು. ಹಿಂದೆ ಲಾರಿ, ಅದರ ಹಿಂದೆ ಬಸ್ಸು, ಅದರ ಹಿಂದೆ ಏನೇನೋ. ಎಲ್ಲರೂ ಹಾರ್ನು ಒತ್ತಿದರು. ನಾದಿನಿ ಸ್ಟೇರಿಂಗ್ ಹಿಡಿದುಕೊಂಡು ನೇರ ಮುಂದೆ ನೋಡುತ್ತಿದ್ದಳು. ಕೀ ತಿರುಗಿಸಲು ಹೋಗಿ ವೈಪರ್ ಹಾಕಿದಳು. ಅವಳಿಗೂ ಹೆದರಿಕೆ ಆಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಇಳಿದು ಹಿಂದಿನವರಿಗೆ ಕೈ ಮಾಡು" ಅಂದಳು.

ನಾನು ಇಳಿದೆ. ಸೆರಗು ಸಿಕ್ಕಿಸಿಕೊಂಡು ರಸ್ತೆಯ ನಡುವೆ ನಿಂತು ಲಾರಿಗೆ ಕೈ ತೋರಿಸಿದೆ. ಲಾರಿಯವನು ತಲೆ ಹೊರಗೆ ಹಾಕಿ, "ಎಂತ ತುಂಬಿದ್ದೀರಿ, ಅಷ್ಟು ಭಾರ?" ಎಂದು ಕೇಳಿದ.

"ಕಾಲಿಗೆ ಹಚ್ಚೂ ಕ್ರೀಮು" ಅಂದೆ.

ಅವನು ನನ್ನನ್ನೂ ವ್ಯಾನನ್ನೂ ನೋಡಿ, ಲಾರಿಯನ್ನು ಬದಿಗೆ ತೆಗೆದು, ಇಳಿದು ಬಂದು ಹಿಂದಿನಿಂದ ನೂಕಿದ. ನಾನೂ ನೂಕಿದೆ. ವ್ಯಾನು ಕೆಮ್ಮಿ, ಜಿಗಿದು, ಏರು ಹತ್ತಿ ಮುಂದೆ ಹೋಯಿತು. ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ ಎಂಬ ಹೆದರಿಕೆಗೆ ನಾದಿನಿ ನಿಲ್ಲಿಸಲೇ ಇಲ್ಲ. ನಾನು ಓಡುತ್ತಾ ಹೋದೆ. ಇಳಿಜಾರು ಮುಗಿದು ರಸ್ತೆ ಸಮವಾದ ಕಡೆ ಅವಳು ಇಂಡಿಕೇಟರ್ ಹಾಕಿಕೊಂಡು, ನಿಯಮದ ಪ್ರಕಾರ ಬದಿಯಲ್ಲಿ ನಿಂತು, ನನಗಾಗಿ ಬಾಗಿಲು ತೆರೆದಿಟ್ಟಿದ್ದಳು.